ಹಳೇ ಜೀಪಿನ ಅಚ್ಚು: ಬಿಚ್ಚುವ ಮುನ್ನ ಎಣಿಸಿ, ಅಳೆಯಿರಿ

ಗುಡ್ಡದ ಮೇಲಿನ ಕಾಫಿ ತೋಟಗಳಲ್ಲಿ ದುಡಿದು ಸವೆದ ಜೀಪುಗಳು ಕೊನೆಗೆ ಇಳಿದು ಬರುವುದು ನಮ್ಮಂಥ ಬಯಲು ಊರುಗಳಿಗೆ. ತರೀಕೆರೆ, ಅಜ್ಜಂಪುರ, ಕಡೂರು ಸುತ್ತಿನ ಹಳ್ಳಿಗಳಲ್ಲಿ ಇಂಥವು ಈಗಲೂ ಅಲ್ಲೊಂದು ಇಲ್ಲೊಂದು ಓಡಾಡುತ್ತಿವೆ. ಅಮೃತಾಪುರದ ಅಮೃತೇಶ್ವರ ದೇವಸ್ಥಾನ ನೋಡಲು ಬರುವ ಕಾರುಗಳು ಟಾರು ರಸ್ತೆಯಲ್ಲೇ ಬಂದು ಹೋಗುತ್ತವೆ. ನಮ್ಮ ಹೊಲದ ದಾರಿ ಬೇರೆ. ಹಳ್ಳ, ಬದು, ಮಳೆಗೆ ಕೊಚ್ಚಿಹೋದ ಬಂಡಿಜಾಡು. ರಾಗಿ ಹುಲ್ಲು, ಈರುಳ್ಳಿ ಚೀಲ, ಬೇಸಿಗೆಯಲ್ಲಿ ತೆಂಗಿನ ಸಸಿಗೆ ನೀರಿನ ಡ್ರಮ್ಮು, ಎಲ್ಲವೂ ಇದರಲ್ಲೇ ಸಾಗಬೇಕು. ಟ್ರ್ಯಾಕ್ಟರ್ ಸಾಲ ಹೊರಲಾರದ ನಾಲ್ಕೈದು ಎಕರೆಯವನಿಗೆ ಹಳೇ ಜೀಪು ಒಳ್ಳೆಯ ಆಳು.

ಆದರೆ ಈ ಆಳು ಮೊದಲು ಮುರಿದುಕೊಳ್ಳುವುದು ಕಾಲನ್ನು. ಎಂಜಿನ್ ಹೇಗೋ ನಡೆಯುತ್ತೆ. ಅಚ್ಚು, ಕಮಾನು ಪಟ್ಟಿ, ಬೇರಿಂಗು ಕೈಕೊಡುತ್ತವೆ. ಆಗ ಯಾರೋ ಒಬ್ಬರು ಹೇಳುತ್ತಾರೆ, "ಗುಜರಿಯಿಂದ ಒಂದು ಅಚ್ಚು ತಂದು ಕೂರಿಸಿಬಿಡಿ, ಜೀಪೆಲ್ಲಾ ಒಂದೇ". ಜೀಪೆಲ್ಲಾ ಒಂದೇ ಅಲ್ಲ. ಅದನ್ನು ಬಿಡಿಸಿ ಹೇಳಲು ಈ ಬರಹ. ತಪ್ಪು ಅಚ್ಚು ಕೂರಿಸಿದರೆ ದುಡ್ಡು ಹೋಗುತ್ತೆ. ಇಳಿಜಾರಿನಲ್ಲಿ ಚಕ್ರ ಕಳಚಿದರೆ ಹಿಂದೆ ಕೂತವರ ಜೀವವೇ ಹೋಗುತ್ತೆ.

ಒಂದೇ ಥರ ಕಂಡರೂ ಬೇರೆ ಬೇರೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕೆ. ಅಮೆರಿಕದ ವಿಲ್ಲೀಸ್ ಕಂಪನಿ 1941ರಿಂದ ಸೈನ್ಯಕ್ಕಾಗಿ ಮಾಡಿದ ಗಾಡಿ ಅದು. ಸ್ವಾತಂತ್ರ್ಯ ಬಂದ ಕಾಲಕ್ಕೆ ಮುಂಬಯಿಯ ಮಹೀಂದ್ರ ಕಂಪನಿ ಅದರ ಬಿಡಿಭಾಗ ತರಿಸಿ ಇಲ್ಲಿ ಜೋಡಿಸತೊಡಗಿತು. ಆಮೇಲೆ ಸಿಜೆ-3ಬಿ ಮಾದರಿ ಬಂತು. ಅಮೆರಿಕದಲ್ಲಿ ಅದನ್ನು 1968ಕ್ಕೆ ನಿಲ್ಲಿಸಿದರೂ ನಮ್ಮಲ್ಲಿ ಮುಂದುವರಿಯಿತು. 1980ರ ದಶಕದಲ್ಲಿ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಹೀಗೆ ಒಂದೇ ಮೂಲದಿಂದ ಮರಿ ಹಾಕುತ್ತಾ ಬಂದದ್ದರಿಂದ ಎಷ್ಟೋ ಸಾಮಾನು ಒಂದರದ್ದು ಇನ್ನೊಂದಕ್ಕೆ ಕೂರುತ್ತೆ. ಮೋಸ ಹೋಗುವುದೂ ಅಲ್ಲೇ. ಬೋಲ್ಟು ಕೂತಿತು ಅಂದ ಮಾತ್ರಕ್ಕೆ ಒಳಗಿನ ಹಲ್ಲು ಹೊಂದಿತು ಅಂತಲ್ಲ. 2010ರಲ್ಲಿ ಬಂದ ಥಾರ್ ಗಾಡಿಯಲ್ಲಂತೂ ಮುಂದೆ ಎಡಬಲ ಚಕ್ರ ಸೇರಿಸುವ ಇಡೀ ಅಚ್ಚೇ ಇಲ್ಲ, ಎರಡು ಚಕ್ರವೂ ಬೇರೆ ಬೇರೆ ತೂಗುತ್ತವೆ. ಅದರ ಮುಂಭಾಗ ಹಳೇ ಜೀಪಿಗೆ ಬರುವುದಿಲ್ಲ.

ಮೊದಲು ಕಾಯಿಲೆ ಯಾವುದು ಅಂತ ನೋಡಿ

ಅಚ್ಚು ಹೋಯಿತು ಅಂತ ಹೇಳುವ ಜೀಪುಗಳಲ್ಲಿ ಅಚ್ಚು ಚೆನ್ನಾಗಿದ್ದು ಕಮಾನು ಕೆಟ್ಟಿರುವುದೂ ಉಂಟು. ಕಿವಿ, ಕಣ್ಣು, ಒಂದು ಟೇಪು ಇದ್ದರೆ ಬಹಳಷ್ಟು ತಿಳಿಯುತ್ತೆ.

ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಊಳಿಡುವ ಸದ್ದು ಬಂದರೆ ಕ್ರೌನ್-ಪಿನಿಯನ್ ಸವೆದಿರಬಹುದು. ಒತ್ತಿದರೂ ಬಿಟ್ಟರೂ ಸದ್ದು ಅಷ್ಟೇ ಇದ್ದು, ತಿರುವಿನಲ್ಲಿ ಹೆಚ್ಚು ಕಮ್ಮಿ ಆದರೆ ಚಕ್ರದ ಬೇರಿಂಗು. ಹೊರಡುವಾಗ 'ಕಟ್' ಅಂತ ಒಂದೇ ಏಟಿನ ಸದ್ದು ಬಂದರೆ ಪ್ರೊಪೆಲರ್ ಶಾಫ್ಟಿನ ಯು.ಜೆ. ಕ್ರಾಸು, ಸಡಿಲವಾದ ಯು-ಬೋಲ್ಟು, ಇಲ್ಲವೇ ಹಬ್ಬಿನ ಒಳಗಿನ ಕೀ ನೋಡಿ.

ಜೀಪು ನೇರ ಹೋಗುವಾಗಲೂ ಹಿಂಭಾಗ ಓರೆಯಾಗಿ ಬರುತ್ತಿದೆ ಅನ್ನಿಸಿದರೆ ಸಮತಟ್ಟು ಜಾಗದಲ್ಲಿ ಸ್ಟೇರಿಂಗ್ ನೇರ ಮಾಡಿ ನಿಲ್ಲಿಸಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಗಡೆ ಅಳೆಯಿರಿ, ಬಲಗಡೆ ಅಳೆಯಿರಿ. ಎರಡೂ ಒಂದೇ ಬರಬೇಕು. ವ್ಯತ್ಯಾಸ ಇದ್ದರೆ ಕಮಾನಿನ ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಜರುಗಿರುತ್ತೆ, ಇಲ್ಲವೇ ಬುಷ್ಷು ಶಾಕಲ್ಲು ಪೂರ್ತಿ ಸವೆದಿರುತ್ತೆ. ಸೆಂಟರ್ ಬೋಲ್ಟು ಹೋದದ್ದಕ್ಕೆ ಅಚ್ಚು ಬದಲಿಸಲು ಹೊರಟರೆ ಚಪ್ಪಲಿ ಕಚ್ಚಿದ್ದಕ್ಕೆ ಕಾಲು ಕತ್ತರಿಸಿದ ಹಾಗೆ.

ಅಚ್ಚಿನ ಎಣ್ಣೆಯನ್ನೂ ನೋಡಿ. ಓಡಿ ಬಿಸಿಯಾದ ಅಚ್ಚು ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತೆ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತೆ. ಎಣ್ಣೆ ಮಜ್ಜಿಗೆ ಥರ ಬೆಳ್ಳಗಿದ್ದರೆ ನೀರು ಸೇರಿದೆ ಅಂತ ಅರ್ಥ. ತಕ್ಷಣ ಬದಲಿಸಿದರೆ ಬೇರಿಂಗು ಉಳಿಯುತ್ತೆ. ತುಕ್ಕು ಹಿಡಿದ ಮೇಲೆ ಉಳಿಯುವುದಿಲ್ಲ.

ಹಲ್ಲಿನ ಲೆಕ್ಕ

ಅಚ್ಚು ಬದಲಿಸಲೇಬೇಕು ಅಂತಾದರೆ ಮೊದಲ ಕೆಲಸ ಎಣಿಸುವುದು. ಪ್ರೊಪೆಲರ್ ಶಾಫ್ಟಿನ ಕೊನೆಯಲ್ಲಿ ಪಿನಿಯನ್ ಅನ್ನುವ ಚಿಕ್ಕ ಗೇರು. ಅದು ತಿರುಗಿಸುವುದು ಕ್ರೌನ್ ಅನ್ನುವ ದೊಡ್ಡ ಗೇರನ್ನು. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು ಇದ್ದರೆ ಲೆಕ್ಕ 5.38. ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ಐದು ಸುತ್ತಿನ ಮೇಲೆ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ತಿರುಗಬೇಕು. 8ಕ್ಕೆ 39 ಆದರೆ 4.88. 11ಕ್ಕೆ 41 ಆದರೆ 3.73. ಹೊರಗಿನಿಂದ ಈ ಮೂರೂ ಒಂದೇ ಥರ ಕಾಣಬಹುದು.

ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟಾಗ ಹಳೇ ಜೀಪಿನಲ್ಲಿ ಮುಂದಿನ ಶಾಫ್ಟು ಹಿಂದಿನ ಶಾಫ್ಟು ಎರಡೂ ಒಟ್ಟಿಗೆ ಕಟ್ಟಿದಂತೆ ತಿರುಗುತ್ತವೆ. ಮುಂದಿನ ಅಚ್ಚು 5.38, ಹಿಂದಿನದು 4.88 ಆಗಿದ್ದರೆ ಏನಾಗುತ್ತೆ ನೋಡಿ. ಮುಂದಿನ ಚಕ್ರ 100 ಸುತ್ತು ಹಾಕುವಾಗ ಹಿಂದಿನದು 110 ಸುತ್ತು ಹಾಕಲು ನೋಡುತ್ತೆ. ಒಂದೇ ನೊಗಕ್ಕೆ ಕಟ್ಟಿದ ಎರಡರಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಕೆಸರಿನಲ್ಲಾದರೆ ಚಕ್ರ ಜಾರಿ ಸ್ವಲ್ಪ ಸಹಿಸುತ್ತೆ. ಗಟ್ಟಿ ನೆಲದಲ್ಲಿ ಜಾರಲು ದಾರಿ ಇಲ್ಲದೆ ಟೈರು ಸವೆಯುತ್ತೆ, ಯು.ಜೆ. ಕ್ರಾಸು ಮುರಿಯುತ್ತೆ, ಕೊನೆಗೆ ಗೇರುಪೆಟ್ಟಿಗೆಯ ಹಲ್ಲೇ ಹೋಗುತ್ತೆ. ಸಣ್ಣ ಪ್ರಮಾಣದಲ್ಲಿ ಇದೇ ತೊಂದರೆ ಮುಂದೆ ಹೊಸ ಟೈರು ಹಿಂದೆ ಬೋಳು ಟೈರು ಹಾಕಿದಾಗಲೂ ಇದೆ. ನಾಲ್ಕೂ ಒಂದೇ ಅಳತೆಯ, ಹೆಚ್ಚು ಕಮ್ಮಿ ಒಂದೇ ಸವೆತದ ಟೈರು ಇರಲಿ. ಟಾರು ರಸ್ತೆಗೆ ಬಂದ ಕೂಡಲೇ ಮುಂದಿನ ಅಚ್ಚಿನ ಲಿವರ್ ಬಿಡಿಸಿ.

ಎಣಿಸುವ ವಿಧಾನ ಸುಲಭ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ದಿಮ್ಮಿ ಕೊಡಿ. ಹಿಂದಿನ ಒಂದೇ ಚಕ್ರ ಎತ್ತಿ, ಜಾಕಿಯ ಪಕ್ಕ ದಿಮ್ಮಿ ಇಡಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕು ಬಿಟ್ಟಿರಲಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಇನ್ನೊಬ್ಬರು ಪ್ರೊಪೆಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಪಕ್ಕದಿಂದಲೇ ಅದರ ಸುತ್ತು ಎಣಿಸಲಿ. ಜೀಪಿನ ಕೆಳಗೆ ಮಲಗಿ ಎಣಿಸುವುದು ಬೇಡ. ಒಂದು ಚಕ್ರ ನೆಲದ ಮೇಲಿರುವಾಗ ಎತ್ತಿದ ಚಕ್ರದ ಎರಡು ಸುತ್ತಿಗೆ ಕ್ರೌನಿನ ಒಂದು ಸುತ್ತು. ಆದ್ದರಿಂದ ಶಾಫ್ಟಿನ ಸುತ್ತೇ ನಿಮ್ಮ ಲೆಕ್ಕ. ಐದಕ್ಕೆ ಸ್ವಲ್ಪ ಕಮ್ಮಿ ಬಂದರೆ 4.88, ಐದೂಕಾಲು ದಾಟಿದರೆ 5.38. ಬಿಡಿ ಅಚ್ಚಾದರೆ ಒಂದು ಡ್ರಮ್ಮನ್ನು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿ. ಅನುಮಾನ ಇದ್ದರೆ ಹಿಂದಿನ ಮುಚ್ಚಳ ಬಿಚ್ಚಿ ಹಲ್ಲನ್ನೇ ಎಣಿಸಿ.

ನಮ್ಮ ಜೀಪಿಗೆ ಹಿಂದಿನ ಅಚ್ಚು ಹುಡುಕುವಾಗ ಒಂದು ಗುಜರಿಯಲ್ಲಿ ತೋರಿಸಿದ ಅಚ್ಚು ಅಳತೆಗೆ ಸರಿಯಾಗಿತ್ತು, ಬಣ್ಣವೂ ಹೊಸದು. "ಇದೇ ಮಾದರಿದು, ಕಣ್ಣುಮುಚ್ಚಿ ಒಯ್ಯಿರಿ" ಅಂದರು. ಅಲ್ಲೇ ನೆಲದ ಮೇಲೆ ತಿರುಗಿಸಿ ಎಣಿಸಿದೆವು. ಐದು ಸುತ್ತು ತುಂಬಲಿಲ್ಲ. ನಮ್ಮ ಮುಂದಿನ ಅಚ್ಚು 5.38ರದ್ದು. ಆ ಅಚ್ಚನ್ನು ಬಿಟ್ಟು ಬಂದೆವು. ಹೊಂದುವ ಅಚ್ಚು ಸಿಗಲು ಇನ್ನೂ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ಬಾಡಿಗೆ ಗಾಡಿಯಲ್ಲಿ ಈರುಳ್ಳಿ ಸಾಗಿಸಿದ್ದು ನಷ್ಟವೇ. ಗೇರುಪೆಟ್ಟಿಗೆ ಒಡೆಯುವುದಕ್ಕಿಂತ ಚಿಕ್ಕ ನಷ್ಟ.

ಬರೀ ಕ್ರೌನ್-ಪಿನಿಯನ್ ಬದಲಿಸಬಾರದೇ ಅಂತ ಕೇಳಬಹುದು. ಬದಲಿಸಬಹುದು. ಆದರೆ ಅವೆರಡೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿದ ಗೇರುಗಳು. ಒಂದನ್ನು ಮಾತ್ರ ಬದಲಿಸಬಾರದು. ತೆಳು ವಾಷರುಗಳನ್ನು ಹಾಕಿ ತೆಗೆದು ಹಲ್ಲಿನ ಸಂದು ಹೊಂದಿಸಲು ಪಳಗಿದ ಕೈ ಬೇಕು. ಹಾಗಾಗಿ ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ಅದೇ ಮಾದರಿಯ ಇಡೀ ಅಚ್ಚು ಕೂರಿಸುವುದೇ ಸಲೀಸು.

ಅಳೆಯಬೇಕಾದ ನಾಲ್ಕು

ಒಂದು, ಎಡ ಡ್ರಮ್ಮಿನಿಂದ ಬಲ ಡ್ರಮ್ಮಿಗೆ ಇರುವ ಅಗಲ. ಸಿಜೆಗೂ ಆಮೇಲಿನ ಮಾದರಿಗಳಿಗೂ ಇದು ಬೇರೆ.

ಎರಡು, ಅಚ್ಚಿನ ಮೇಲೆ ಕಮಾನು ಕೂರುವ ಎರಡು ಪೀಠಗಳ ನಡುವಿನ ದೂರ. ಇದು ಅರ್ಧ ಇಂಚು ತಪ್ಪಿದರೂ ಕಮಾನು ತಿರುಚಿ ಕೂರುತ್ತೆ. ಪೀಠ ಕಿತ್ತು ವೆಲ್ಡಿಂಗ್ ಮಾಡಿ ಹೊಂದಿಸುತ್ತೇನೆ ಅನ್ನುವವರನ್ನು ದೂರ ಇಡಿ. ವೆಲ್ಡಿಂಗ್ ಕಾವಿಗೆ ಅಚ್ಚಿನ ಕೊಳವೆ ಸೊಟ್ಟಗಾಗುತ್ತೆ.

ಮೂರು, ಡಿಫರೆನ್ಶಿಯಲ್ ಇರುವ ಉಬ್ಬು ಎಲ್ಲಿದೆ ಅಂತ. ಹಳೇ ಜೀಪುಗಳಲ್ಲಿ ಅದು ನಟ್ಟನಡುವೆ ಇರದೆ ಒಂದು ಪಕ್ಕಕ್ಕಿರುತ್ತೆ. ನಡುವೆ ಉಬ್ಬಿರುವ ಅಚ್ಚು ಹಾಕಿದರೆ ಶಾಫ್ಟು ಓರೆಯಾಗಿ ನಿಲ್ಲುತ್ತೆ.

ನಾಲ್ಕು, ಚಕ್ರದ ತುದಿಯ ಜೋಡಣೆ. ಇದು ಜೀವದ ಪ್ರಶ್ನೆ. ಯುದ್ಧಕಾಲದ ಸೈನ್ಯದ ಜೀಪಿನಲ್ಲಿ ಭಾರ ಹೊರುವುದು ಹೊರಗಿನ ಕೊಳವೆ, ಒಳಗಿನ ಶಾಫ್ಟು ತಿರುಗಿಸುವ ಕೆಲಸ ಮಾತ್ರ ಮಾಡುತ್ತೆ. ಶಾಫ್ಟು ಮುರಿದರೂ ಚಕ್ರ ಗಾಡಿಯಲ್ಲೇ ಇರುತ್ತೆ. ಆಮೇಲೆ ಬಂದ ಸಿಜೆ ಜೀಪುಗಳ ಹಿಂದಿನ ಅಚ್ಚಿನಲ್ಲಿ ಭಾರವೂ ಶಾಫ್ಟಿನ ಮೇಲೆಯೇ. ಅದು ತುದಿಯಲ್ಲಿ ಮುರಿದರೆ ಚಕ್ರದ ಸಮೇತ ಹೊರಗೆ ಬರುತ್ತೆ. ಕೆಲವದರಲ್ಲಿ ಶಾಫ್ಟಿನ ತುದಿ ಕೂಚಾಗಿದ್ದು, ಹಬ್ಬನ್ನು ಕೀ ಮತ್ತು ದೊಡ್ಡ ನಟ್ಟು ಹಿಡಿದಿರುತ್ತವೆ. ಎತ್ತಿನ ಗಾಡಿಯ ಕಡಾಣಿ ಇದ್ದ ಹಾಗೆ. ಆ ನಟ್ಟು ಸಡಿಲವಾದರೆ ಕೀ ಕತ್ತರಿಸಿ ಹೋಗುತ್ತೆ. ನಟ್ಟಿಗೆ ಕಾಟರ್ ಪಿನ್ನು ಹೊಸದೇ ಹಾಕಿ. ಮೊಳೆ ತುಂಡು, ತಂತಿ ಬೇಡ.

ಕೂರಿಸುವ ಕ್ರಮ

ಗಟ್ಟಿ, ಸಮ ನೆಲ ಬೇಕು. ಹಳೇ ಮಾದರಿಗಳ ಹ್ಯಾಂಡ್ ಬ್ರೇಕು ಚಕ್ರಕ್ಕೆ ಹಿಡಿಯುವುದಿಲ್ಲ, ಗೇರುಪೆಟ್ಟಿಗೆ ಹಿಂದಿನ ಶಾಫ್ಟಿಗೆ ಹಿಡಿಯುತ್ತೆ. ಹಾಗಾಗಿ ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಅದು ಹಿಂದಕ್ಕೆ ತಿರುಗುತ್ತಾ ಇನ್ನೊಂದು ಮುಂದಕ್ಕೆ ತಿರುಗಬಹುದು. ಬ್ರೇಕು ಎಳೆದಿದ್ದರೂ ಜೀಪು ಉರುಳುತ್ತೆ. ಹ್ಯಾಂಡ್ ಬ್ರೇಕು ನಂಬಿ ಜೀಪಿನ ಕೆಳಗೆ ಹೋಗಬೇಡಿ. ಚಕ್ರಕ್ಕೆ ದಿಮ್ಮಿ ಕಡ್ಡಾಯ. ಬರೀ ಜಾಕಿಯ ಮೇಲೆ, ಇಟ್ಟಿಗೆ ಅಥವಾ ಸೈಜುಗಲ್ಲು ಪೇರಿಸಿ ಅದರ ಮೇಲೆ ಗಾಡಿ ನಿಲ್ಲಿಸಬಾರದು. ಕಲ್ಲು ಒಮ್ಮೆಲೇ ಸೀಳುತ್ತೆ. ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಚಾಸಿಗೆ ಆಸರೆ ಕೊಡಿ.

ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ. ಚಕ್ರ ತೆಗೆದ ಮೇಲೆ ಬ್ರೇಕ್ ಪೈಪು ಬಿಚ್ಚಿ ಬಾಯಿಗೆ ಮಣ್ಣು ಹೋಗದಂತೆ ಮುಚ್ಚಿ. ಶಾಫ್ಟು ಬಿಚ್ಚುವಾಗ ಯು.ಜೆ. ಕ್ರಾಸಿನ ಬಟ್ಟಲುಗಳಿಗೆ ತಂತಿ ಸುತ್ತಿ. ಬಿದ್ದರೆ ಒಳಗಿನ ಸೂಜಿಗಳು ಮಣ್ಣುಪಾಲು. ಶಾಕ್ ಅಬ್ಸಾರ್ಬರ್ ಕೆಳತುದಿ ಬಿಚ್ಚಿ.

ಲಾರಿಯಲ್ಲಿ ಕಮಾನು ಅಚ್ಚಿನ ಮೇಲಿರುತ್ತೆ. ಹಳೇ ಜೀಪಿನಲ್ಲಿ ಅಚ್ಚಿನ ಕೆಳಗೆ. ಆದ್ದರಿಂದ ಅಚ್ಚಿಗೆ ಆಸರೆ ಕೊಟ್ಟು, ಯು-ಬೋಲ್ಟು ಬಿಚ್ಚಿ, ಕಮಾನಿನ ಶಾಕಲ್ ತುದಿ ಇಳಿಸಿದರೆ ಅಚ್ಚು ಹೊರಗೆ ಬರುತ್ತೆ. ಥ್ರೆಡ್ ಇರುವ ಹಳೇ ಶಾಕಲ್ಲುಗಳಲ್ಲಿ ಕೆಲವಕ್ಕೆ ಎಡಸುತ್ತು ಇರುತ್ತೆ. ಬಿಚ್ಚಲು ಬರಲಿಲ್ಲ ಅಂತ ಬಲ ಹಾಕುವ ಮೊದಲು ಆ ಕಡೆಗೂ ತಿರುಗಿಸಿ ನೋಡಿ. ಮುಂದಿನ ಅಚ್ಚಿನಲ್ಲಿ ಕಮಾನಿಗೂ ಅಚ್ಚಿಗೂ ನಡುವೆ ಬೆಣೆಯಂಥ ತುಂಡು ಇದ್ದರೆ ಅದರ ದಪ್ಪ ಬದಿ ಯಾವ ಕಡೆ ಇತ್ತು ಅಂತ ಗುರುತು ಹಾಕಿ. ತಿರುವು ಮುರುವಾದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಪೀಠದ ತೂತಿನಲ್ಲಿ ಪೂರ್ತಿ ಇಳಿದಿದೆಯೇ ಬೆರಳಿಟ್ಟು ನೋಡಿ. ಯು-ಬೋಲ್ಟು ಹೊಸದಿರಲಿ, ಹಳೆಯದು ಹಿಗ್ಗಿರುತ್ತೆ. ನಾಲ್ಕು ನಟ್ಟನ್ನೂ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ರಬ್ಬರ್ ಬುಷ್ಷು ಇರುವ ಜೀಪಾದರೆ ಬುಷ್ಷಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಚಕ್ರ ನೆಲಕ್ಕೆ ಬಂದು ಭಾರ ಕೂತ ಮೇಲೆ. ಅಚ್ಚಿಗೆ 90 ನಂಬರಿನ ಇ.ಪಿ. ಗೇರ್ ಎಣ್ಣೆ, ತುಂಬುವ ತೂತಿನ ಮಟ್ಟದವರೆಗೆ. ಬ್ರೇಕಿನ ಗಾಳಿ ಇಬ್ಬರು ಸೇರಿ ಪೂರ್ತಿ ತೆಗೆಯಿರಿ. ಪೆಡಲು ಗಟ್ಟಿಯಾಗುವವರೆಗೆ ಜೀಪು ಅಂಗಳ ದಾಟಬಾರದು.

ಕಮಾನು ಪಟ್ಟಿ

ನಮ್ಮ ಕಮ್ಮಾರರು ಮಚ್ಚು ಮಾಡಲು ಹಳೇ ಕಮಾನು ಪಟ್ಟಿಯನ್ನೇ ಯಾಕೆ ಕೇಳುತ್ತಾರೆ? ಅದು ಹದ ಹಿಡಿಯುವ ಉಕ್ಕು. ಕಾಯಿಸಿ, ಅದ್ದಿ, ಮತ್ತೆ ಹದಕ್ಕೆ ಕಾಯಿಸಿದರೆ ಬಗ್ಗಿದರೂ ಮತ್ತೆ ನೆಟ್ಟಗಾಗುವ ಗುಣ ಬರುತ್ತೆ. ಕುಗ್ಗಿದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಹಾಗೇ ಆರಲು ಬಿಟ್ಟರೆ ಆ ಹದ ಹೋಯಿತು. ನಾಲ್ಕು ದಿನ ಎತ್ತರ ನಿಂತು ಮತ್ತೆ ಕೂರುತ್ತೆ. ಬಗ್ಗಿಸುವುದಾದರೆ ಕಾಯಿಸದೆ ಬಡಿದು ಬಗ್ಗಿಸುವ ಕೈಪಳಗಿದವರಲ್ಲಿ, ಇಲ್ಲವೇ ಮತ್ತೆ ಹದ ಕೊಡುವ ಕಮಾನು ಅಂಗಡಿಯಲ್ಲಿ ಮಾಡಿಸಿ. ಮುರಿದ ಪಟ್ಟಿಗೆ ವೆಲ್ಡಿಂಗ್ ಬೇಡ. ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಮುರಿದದ್ದು ಮಚ್ಚಿಗಾಯಿತು.

ಒಂದು ಬದಿ ಬದಲಿಸಿದರೆ ಇನ್ನೊಂದು ಬದಿಯನ್ನೂ ಬದಲಿಸಿ. ಇಲ್ಲದಿದ್ದರೆ ಜೀಪು ವಾಲಿಕೊಂಡೇ ಓಡುತ್ತೆ. ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪು ಬಿದ್ದುಹೋದದ್ದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಗುಂಡಿಯಿಂದ ಜೀಪು ಮೇಲೆ ಚಿಮ್ಮಿದಾಗ ಕ್ಲಿಪ್ಪು ಇಲ್ಲದಿದ್ದರೆ ಏಟೆಲ್ಲಾ ಮೇನ್ ಪಟ್ಟಿಯೊಂದಕ್ಕೇ ಬೀಳುತ್ತೆ. ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿ ಇದೆ. ರಬ್ಬರ್ ಬುಷ್ಷಿಗೆ ಅದು ತಾಗಿದರೆ ಬುಷ್ಷು ಊದಿ ಹಾಳು.

ಭಾರ ಹೊರಲಿ ಅಂತ ಪಟ್ಟಿ ಮೇಲೆ ಪಟ್ಟಿ ಸೇರಿಸುವವರಿದ್ದಾರೆ. ಕಮಾನು ತಡೆದೀತು. ಬೇರಿಂಗು, ಶಾಫ್ಟು, ಬ್ರೇಕು ಮಾತ್ರ ಮೊದಲಿನವೇ. ಕಮಾನು ಬಗ್ಗದಿದ್ದರೆ ಏಟು ಚಾಸಿಗೆ ಹೋಗಿ ಅಲ್ಲಿ ಬಿರುಕು. ಇನ್ನು ಕೆಲವರು ಕಮಾನನ್ನು ಅಚ್ಚಿನ ಮೇಲಕ್ಕೆ ಹಾಕಿಸಿ ಜೀಪು ಎತ್ತರ ಮಾಡುತ್ತಾರೆ. ನೋಡಲು ಚೆಂದ. ಬದು ಹತ್ತಿಳಿಯುವಾಗ, ಹುಲ್ಲಿನ ಹೊರೆ ಇದ್ದಾಗ ಮಗುಚುವ ಅಪಾಯ ಜಾಸ್ತಿ.

ಕಾನೂನಿನ ಮಾತು

ಸವೆದ ಭಾಗಕ್ಕೆ ಅದೇ ಮಾದರಿಯ ಭಾಗ ಹಾಕುವುದು ರಿಪೇರಿ. ಎತ್ತರ ಮಾಡುವುದು, ಅಗಲದ ಅಚ್ಚು ಹಾಕುವುದು ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿ ಹಿಡಿದಿದೆ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಅಲ್ಲಿ ಗಾಡಿ ಮೂಲ ರೂಪದಲ್ಲಿದ್ದರೆ ತಕರಾರು ಕಡಿಮೆ. ಗುಜರಿಯಿಂದ ಅಚ್ಚು ತಂದಾಗ ರಸೀದಿ ಬರೆಸಿಕೊಳ್ಳಿ. ಕದ್ದ ಗಾಡಿಯ ಸಾಮಾನು ಅಂತ ನಾಳೆ ಯಾರಾದರೂ ಕೇಳಿದರೆ ಉತ್ತರ ಬೇಕು.

ಕೂರಿಸಿದ ಮೇಲೆ

ಮೊದಲ ದಿನ ಖಾಲಿ ಗಾಡಿಯನ್ನೇ ಹತ್ತಿಪ್ಪತ್ತು ಮೈಲಿ ಓಡಿಸಿ. ನಿಲ್ಲಿಸಿ ನಾಲ್ಕೂ ಹಬ್ಬನ್ನು, ಡಿಫರೆನ್ಶಿಯಲ್ ಉಬ್ಬನ್ನು ಹುಷಾರಾಗಿ ಮುಟ್ಟಿ ನೋಡಿ. ಬೆಚ್ಚಗಿರುವುದು ಸರಿ. ಒಂದು ಹಬ್ಬು ಮಾತ್ರ ಕೈ ಇಡಲಾರದಷ್ಟು ಸುಟ್ಟರೆ ಬೇರಿಂಗು ಅತಿ ಬಿಗಿ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಯು-ಬೋಲ್ಟು, ಶಾಫ್ಟಿನ ಬೋಲ್ಟು, ಚಕ್ರದ ನಟ್ಟು ಮತ್ತೆ ಬಿಗಿಯಿರಿ. ಭಾರ ಹಾಕಿ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಎಲ್ಲ ಸರಿ ಇದೆ ಅಂತ ಖಾತ್ರಿಯಾಗುವ ತನಕ ಹಿಂದೆ ಜನರನ್ನು ಕೂರಿಸಬೇಡಿ.

ಕೊನೆಗೆ ಒಂದು ಸಣ್ಣ ಕೆಲಸ. ಬಾನೆಟ್ಟಿನ ಒಳಮೈಗೆ ಬಣ್ಣದಲ್ಲಿ ಬರೆದಿಡಿ: ಮುಂದಿನ ಅಚ್ಚಿನ ಹಲ್ಲು ಎಷ್ಟು, ಹಿಂದಿನದು ಎಷ್ಟು, ಎಣ್ಣೆ ಹಾಕಿದ ದಿನ, ಕಮಾನು ಬದಲಿಸಿದ ದಿನ. ಮುಂದಿನ ಸಲ ಅಚ್ಚು ತರಲು ಹೋಗುವವನು ನಿಮ್ಮ ಮಗನೇ ಇರಬಹುದು, ಜೀಪು ಕೊಂಡ ಬೇರೆಯವರೇ ಇರಬಹುದು. ಗುಜರಿಯಲ್ಲಿ ನಿಂತು ಕೇಳುವಾಗ ಆ ನಾಲ್ಕು ಅಂಕಿ ಅವರ ಕೈಯಲ್ಲಿರುತ್ತೆ.